ಮುಖಪುಟ ಸಾಲದು, ಒಳಪುಟದ ಫೋಟೊ ತೆಗೆಯಿರಿ

ತುಮಕೂರಿನ ಪುಸ್ತಕದಂಗಡಿಗಳಲ್ಲಿ ಮೊಬೈಲ್ ಮುಂದೆ ಹಿಡಿದು ‘ಇದು ಇದೆಯಾ?’ ಎಂದು ಕೇಳುವವರನ್ನು ನೋಡುತ್ತಲೇ ಇರುತ್ತೇನೆ. ಪರದೆಯಲ್ಲಿ ಮುಖಪುಟದ ಫೋಟೊ. ಅಂಗಡಿಯವರು ಇಲ್ಲವೆನ್ನುತ್ತಾರೆ, ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ಬಸ್ಸು ಹತ್ತಿ ಬಂದವರು ಬರಿಗೈಲಿ ವಾಪಸ್. ಎಷ್ಟೋ ಸಲ ಆ ಪುಸ್ತಕ ಖಾಲಿಯಾಗಿರುವುದಿಲ್ಲ, ಅಂಗಡಿಗೆ ಬಂದೇ ಇರುವುದಿಲ್ಲ. 500 ಪ್ರತಿ ಅಚ್ಚು ಹಾಕಿಸುವ ಪ್ರಕಾಶಕರು ಊರೂರಿಗೆ ಹಂಚುವುದೆಲ್ಲಿಂದ ಬಂತು?

ಇಂಥ ಸಣ್ಣ ಪ್ರಕಾಶಕರ ಪುಸ್ತಕ ಹುಡುಕಲು ಅಷ್ಟು ತೊಂದರೆ ಯಾಕೆ ಅನ್ನಬೇಡಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಂದದ್ದು ಹೆಗ್ಗೋಡೆಂಬ ಹಳ್ಳಿಯ ಅಕ್ಷರ ಪ್ರಕಾಶನದಿಂದ. ವಸುಧೇಂದ್ರರ ‘ಛಂದ ಪುಸ್ತಕ’ ಪ್ರಕಾಶನ ಹಸ್ತಪ್ರತಿ ಸ್ಪರ್ಧೆ ನಡೆಸಿ ಹೊಸ ಕತೆಗಾರರನ್ನು ತಂದಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಹೊರತಂದದ್ದೂ ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನವೇ.

ಮೊದಲು ಗ್ರಂಥಾಲಯಕ್ಕೆ ಹೋಗಿ, ಹೆಸರೇ ಕೇಳಿರದ ಪ್ರಕಾಶನಗಳ ನಾಲ್ಕು ಪುಸ್ತಕ ಎತ್ತಿಕೊಳ್ಳಿ. ಮುನ್ನುಡಿ, ಬೆನ್ನುಡಿ ಬಿಡಿ. ಅವು ಬಹುಪಾಲು ಮದುವೆ ಮನೆಯ ಆಶೀರ್ವಾದ. ನಡುವಿನ ಹತ್ತು ಪುಟ ಓದಿ. ಹಿಡಿಸಿತೇ?

ಈಗ ಶೀರ್ಷಿಕೆ ಪುಟ ಮಗುಚಿ. ಅದರ ಬೆನ್ನಿಗೆ ಸಣ್ಣಕ್ಷರದಲ್ಲಿ ‘ಮೊದಲ ಮುದ್ರಣ’, ‘ಪ್ರತಿಗಳು’, ‘1/8 ಡೆಮಿ’ ಎಂದೆಲ್ಲ ಇರುತ್ತದಲ್ಲ, ಫೋಟೊ ತೆಗೆಯಬೇಕಾದದ್ದು ಆ ಪುಟವನ್ನು. ಪ್ರಕಾಶಕರ ವಿಳಾಸ, ಫೋನ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಆದರೆ ಅಲ್ಲಿ ‘ಪ್ರಕಾಶಕರು’, ‘ಮುದ್ರಕರು’ ಎಂದು ಎರಡು ಹೆಸರಿರುತ್ತವೆ. ಎಡವುವುದು ಇಲ್ಲೇ. ನಾನೇ ಒಮ್ಮೆ ಮುದ್ರಕರಿಗೆ ಫೋನ್ ಮಾಡಿ ಎರಡು ಪ್ರತಿ ಕೇಳಿದ್ದೆ. ‘ಸಾವಿರ ಆದ್ರೆ ಹೇಳಿ ಸಾರ್, ಮಾಡ್ಕೊಡ್ತೀವಿ’ ಅಂದರು! ಅಕ್ಷರ ಜೋಡಿಸಿದವರ, ಮುಖಪುಟ ಮಾಡಿದವರ ಹೆಸರೂ ಅಲ್ಲೇ ಇರುತ್ತದೆ. ಅವರ ಬಳಿಯೂ ಪುಸ್ತಕ ಸಿಗದು. ‘ಪ್ರಕಾಶಕರು’ ಎಂಬ ಪದದ ಮುಂದಿನ ಸಾಲಷ್ಟೇ ನಿಮ್ಮದು. ಐಎಸ್‌ಬಿಎನ್ ಇದ್ದರೆ ಗುರುತು ಹಾಕಿಕೊಳ್ಳಿ, ಹುಡುಕಲು ಸುಲಭ. ಅದು ಗುಣಮಟ್ಟದ ಮುದ್ರೆ ಎಂದು ಮಾತ್ರ ತಿಳಿಯಬೇಡಿ.

ವಿಳಾಸ ಲೇಖಕರ ಮನೆಯದೇ ಆಗಿದ್ದರೆ ಮೂಗು ಮುರಿಯಬೇಡಿ. ಕನ್ನಡದಲ್ಲಿ ಅದು ಹಳೆಯ ದಾರಿ.

ಕೊನೆಯ ಪುಟಗಳಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಪಟ್ಟಿ ಇದ್ದರೆ ಅದರದ್ದೂ ಒಂದು ಫೋಟೊ. ಒಂದು ಒಳ್ಳೆಯ ಪುಸ್ತಕ ಆರಿಸಿದವರು ಇನ್ನೆರಡನ್ನಾದರೂ ಆರಿಸಿರುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು ನಾನು ಹಿಂಬಾಲಿಸಿದ್ದು ಹೀಗೆಯೇ.

ತರಿಸುವಾಗ ಅಂಚೆ ವೆಚ್ಚ ಮೊದಲೇ ಕೇಳಿ; ಮೂರು ಜನ ಸೇರಿ ಒಟ್ಟಿಗೆ ತರಿಸಿದರೆ ಹಗುರ. ಜಿಲ್ಲಾ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಊಟದ ಹೊತ್ತಿಗೆ ಹೋಗಿ, ಜನ ಪಂಕ್ತಿಯಲ್ಲಿರುತ್ತಾರೆ. ಚಿಲ್ಲರೆ ಇರಲಿ.