ಮಳೆನೀರಿನ ಮೋಟರಿಗೆ ಬ್ಯಾಟರಿ

ಅಂಗಳದ ಮಳೆನೀರನ್ನು ಎತ್ತಿ ಹೊರಹಾಕುವ ಮೋಟರಿಗೆ ಕರೆಂಟು ಬೇಕಾಗುವುದು ಮಳೆಯಲ್ಲಿ. ಕರೆಂಟು ಹೋಗುವುದೂ ಮಳೆಯಲ್ಲೇ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹಳೆಯ ಓಣಿಗಳಿಗೆ ಈ ಮೋಟರು ಬಂದದ್ದು ಸಿಮೆಂಟ್ ರಸ್ತೆಯ ಬೆನ್ನಿಗೆ. ಹಳೆಯದನ್ನು ಅಗೆಯದೆ ಮೇಲೆಮೇಲೆ ಕಾಂಕ್ರೀಟು ಸುರಿದಂತೆ ರಸ್ತೆ ಏರುತ್ತದೆ, ಹೊಸ್ತಿಲು ತಗ್ಗಿಗೆ ಬೀಳುತ್ತದೆ. ನೀರು ತಾನಾಗಿ ಗಟಾರ ಸೇರದಾದಾಗ ಮೂಲೆಯಲ್ಲೊಂದು ಗುಂಡಿ ತೋಡಿ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಇಳಿಸುವುದು ರೂಢಿ.

ಈ ಮೋಟರು ಓಡುವಾಗ ಸುಮಾರು 600 ವ್ಯಾಟ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಫ್ಯಾನು, ಲೈಟಿಗೆಂದು ತಂದ 900 ವಿಎ ಇನ್ವರ್ಟರ್ ಆ ಹೊಡೆತ ತಾಳದು. ಈ ಅಂಕಣಕಾರರ ಹಾನಗಲ್ ಮನೆಯಲ್ಲಿ ಒಂದು ಜುಲೈ ರಾತ್ರಿ ಅದು ಕುಂಯ್‌ಗುಟ್ಟಿ ಸುಮ್ಮನಾಯಿತು. ಪಡಸಾಲೆಯಲ್ಲಿದ್ದ ಎರಡು ಚೀಲ ಜೋಳ ನೆಂದವು. ಅಂಗಡಿಯಲ್ಲಿ ಸಿಕ್ಕ ಸಲಹೆ: 24 ವೋಲ್ಟಿನ ದೊಡ್ಡ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ, ಒಟ್ಟು 40,000 ರೂಪಾಯಿ.

ಲೆಕ್ಕ ಶುರುವಾಗಬೇಕಾದದ್ದು ಮಳೆಯಿಂದ, ಮೋಟರಿನಿಂದಲ್ಲ. ಮೂವತ್ತು ನಲವತ್ತರ ಸೈಟು ಎಂದರೆ 111 ಚದರ ಮೀಟರ್. ಗಂಟೆಗೆ 25 ಮಿ.ಮೀ. ಸುರಿದರೆ (ಅದು ಜೋರು ಮಳೆಯೇ) ಬೀಳುವ ನೀರು ಹೆಚ್ಚುಕಡಿಮೆ 2,800 ಲೀಟರ್. ಇಷ್ಟನ್ನು ಗಂಟೆಯೊಳಗೆ ಎರಡು ಮೀಟರ್ ಎತ್ತಲು ಬೇಕಾದ ಶಕ್ತಿ ಬರೀ 15 ವ್ಯಾಟ್. ಪಂಪು ಮುಕ್ಕಾಲು ಪಾಲು ಪೋಲು ಮಾಡಿದರೂ 60 ವ್ಯಾಟ್ ಸಾಕು. 12 ವೋಲ್ಟಿನಲ್ಲಿ ಅದು 5 ಆಂಪಿಯರ್. 150 ಎಎಚ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಹದಿನೈದು ಗಂಟೆ ಓಡುತ್ತದೆ. ಅರ್ಧ ಎಚ್‌ಪಿ ಮೋಟರು ಬೇಗ ನೀರೆತ್ತಿ ನಿಲ್ಲುತ್ತದೆ, ನಿಜ. ಆದರೆ ಅದು ಪ್ರತಿ ಸಲ ಶುರುವಾಗುವ ಆ ಒಂದು ಕ್ಷಣಕ್ಕಾಗಿಯೇ ದೊಡ್ಡ ಇನ್ವರ್ಟರ್ ಕೊಳ್ಳಬೇಕು. ದುಬಾರಿ ಕ್ಷಣ.

ಹಾಗಾಗಿ ಹಳೆಯ ಮೋಟರನ್ನು ಕರೆಂಟಿಗೇ ಬಿಟ್ಟು, ಅದೇ ಗುಂಡಿಗೆ 12 ವೋಲ್ಟಿನ ಡಿಸಿ ಪಂಪೊಂದನ್ನು ಇಳಿಸುವುದು ಲೇಸು. ಕೊಳ್ಳುವಾಗ ಎರಡು ಮೀಟರ್ ಎತ್ತರಕ್ಕೆ ಎಷ್ಟು ಲೀಟರ್ ಎತ್ತುತ್ತದೆಂದು ಕೇಳಬೇಕು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಎತ್ತರವೇ ಇಲ್ಲದಾಗಿನದು. ಡಿಸಿ ಪಂಪಿನ ಫ್ಲೋಟ್ ಸ್ವಿಚ್ ಹಳೆಯ ಮೋಟರಿನದಕ್ಕಿಂತ ಒಂದು ಗೇಣು ಮೇಲಿದ್ದರೆ ಕರೆಂಟು ಇದ್ದಾಗ ಈ ಪಂಪು ಏಳುವುದೇ ಇಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯಿಂದಲೇ ನೇರ ತಂತಿ ಎಳೆಯಬಹುದು. ತಂತಿ ದಪ್ಪಗಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಚಾರ್ಜು ತೀರಾ ಇಳಿಯದಂತೆ ಲೋ ವೋಲ್ಟೇಜ್ ಕಟ್‌ಆಫ್ ಕೂಡ ಬೇಕು, ಏಕೆಂದರೆ ಇನ್ವರ್ಟರಿನ ಕಾವಲು ಈ ತಂತಿಗಿಲ್ಲ. ಅಂಕಣಕಾರರಿಗೆ ಇದೆಲ್ಲ ಐದು ಸಾವಿರದೊಳಗೆ ಮುಗಿಯಿತು.

ಸವಣೂರಿನ ಕಡೆಯ ಗುಡುಗುಮಳೆ ಬಡಿದು ಹೋಗುವಂಥದ್ದು. ಅಲ್ಲಿ ಹಳೆಯ ಬ್ಯಾಟರಿಯೂ ನಡೆದೀತು. ಮಲೆನಾಡಿನ ಅಂಚಿನ ಹಾನಗಲ್ಲಿನಲ್ಲಿ ರಾತ್ರಿಯಿಡೀ ಹೊಯ್ಯುತ್ತದೆ, ಅಲ್ಲಿ ಮೇ ತಿಂಗಳಲ್ಲೇ ಡಿಸ್ಟಿಲ್ಡ್ ವಾಟರ್ ತುಂಬಿಸಿ ಬ್ಯಾಟರಿ ಪರೀಕ್ಷಿಸಬೇಕು. ಹೊಸದು ಕೊಳ್ಳುವವರು ವಾರಂಟಿ ಕಾರ್ಡನ್ನು ಬಿಡಿಸಿ ಓದಬೇಕು: 36+24 ತಿಂಗಳು ಎಂದಿದ್ದರೆ ಪುಕ್ಕಟೆ ಬದಲಿ ಮೊದಲ 36ಕ್ಕೆ ಮಾತ್ರ, ಉಳಿದದ್ದು ಬರೀ ರಿಯಾಯಿತಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಹೊಸದರ ಬೆಲೆಯಲ್ಲಿ ಮುರಿಸಿಕೊಳ್ಳಬೇಕು.

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹಾನಗಲ್, ಸವಣೂರು ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಂಥ ನೀರಿಗೆ ಮಾತ್ರ ಈ ಯಾವ ಮೋಟರೂ ಆಗದು. ಹೊರಗಿನ ನೀರು ಅಂಗಳದ ಮಟ್ಟಕ್ಕೆ ನಿಂತ ಮೇಲೆ ಎತ್ತಿ ಚೆಲ್ಲಿದ್ದೆಲ್ಲ ಮತ್ತೆ ಒಳಗೇ ಬರುತ್ತದೆ.