ಮಾವನ ಮಾತು ಕೇಳಿದ ಮೋಶೆ

ಮಾತೆಯ ಹಬ್ಬದ ಗದ್ದಲ ನಿಮಗೆ ಗೊತ್ತು. ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನವೂ ಸಂಜೆ ಜಪಸರ, ಬಲಿಪೂಜೆ, ಪ್ರಬೋಧನೆ, ಕೊನೆಗೆ ತೇರು. ಹೂವು ತರುವವರು, ಮೈಕಿನವನನ್ನು ಕರೆಯುವವರು, ಗಾನವೃಂದದಲ್ಲಿ ಹಾಡುವವರು, ರಾತ್ರಿ ಕುರ್ಚಿ ಎತ್ತಿಡುವವರು, ಎಣಿಸಿ ನೋಡಿದರೆ ಎಲ್ಲ ಕೆಲಸಕ್ಕೂ ಅದೇ ಹತ್ತು ಹನ್ನೆರಡು ಜನ. ಹಬ್ಬ ಮುಗಿದ ಮರುವಾರ ಅವರಲ್ಲೇ ಇಬ್ಬರು ಮಾತು ಬಿಟ್ಟಿರುತ್ತಾರೆ. ಕಾರಣ ಕೇಳಿದರೆ ಬಹಳ ಸಣ್ಣದು: ಪೂಜೆಯ ವೇಳೆ ಬದಲಾದದ್ದನ್ನು ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳಲಿಲ್ಲ, ಅಷ್ಟೆ. ಮನೆಗಳಲ್ಲೂ ಅದೇ ಕಥೆ. ಗಂಡನಿಗೆ ಪಾಲನಾ ಸಮಿತಿಯ ಸಭೆ ಇದೆಯೆಂದು ಹೆಂಡತಿಗೆ ತಿಳಿಯುವುದು ಪೂಜೆಯ ಕೊನೆಗೆ ಗುರುಗಳು ಓದುವ ಪ್ರಕಟಣೆಯಿಂದ!

ಭಕ್ತಿ ಕಡಿಮೆಯಾದುದರಿಂದ ಹೀಗಾಗುತ್ತಿದೆ ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ದಣಿದವರಿಗೆ ಮಾತಾಡಲು ತ್ರಾಣವಿರುವುದಿಲ್ಲ. ಮಾತಿಲ್ಲದ ಕಡೆ ಕೆಲಸ ಹಂಚಿಹೋಗುವುದಿಲ್ಲ. ಹಂಚದ ಕೆಲಸ ಮತ್ತೆ ಅದೇ ಹೆಗಲಿಗೆ ಬೀಳುತ್ತದೆ.

ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ತೆರೆಯಿರಿ. ಮೋಶೆ ಸಹಸ್ರಾರು ಜನರನ್ನು ಮರುಭೂಮಿಯಲ್ಲಿ ನಡೆಸುತ್ತಿದ್ದ ಕಾಲ. ಅವನ ಮಡದಿ ಚಿಪ್ಪೋರ ಮತ್ತು ಇಬ್ಬರು ಗಂಡುಮಕ್ಕಳು ತವರಿನಲ್ಲಿದ್ದರು. ಮಾವನಾದ ಇತ್ರೋನನು ಅವರನ್ನು ಕರೆದುಕೊಂಡು ಪಾಳೆಯಕ್ಕೆ ಬಂದ. ಅಳಿಯ ಎದುರುಗೊಂಡು ನಮಸ್ಕರಿಸಿದ, ಕ್ಷೇಮಸಮಾಚಾರ ಕೇಳಿದ, ಗುಡಾರದೊಳಗೆ ಕೂರಿಸಿಕೊಂಡು ಈಜಿಪ್ಟಿನಲ್ಲಿ ನಡೆದದ್ದನ್ನೂ ದಾರಿಯಲ್ಲಿ ಪಟ್ಟ ಪಾಡನ್ನೂ ಹೇಳಿದ. ಮರುದಿನ ನೋಡಿದರೆ, ಮೋಶೆ ಜನರ ವ್ಯಾಜ್ಯ ತೀರಿಸಲು ಕುಳಿತಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಜನ ಅವನ ಸುತ್ತ ನಿಂತಿದ್ದಾರೆ. ಬಹುಕಾಲದ ನಂತರ ಬಂದ ಹೆಂಡತಿ ಮಕ್ಕಳು ಆ ದಿನ ಎಲ್ಲಿದ್ದರೋ, ಚಿಪ್ಪೋರ ಏನೆಂದುಕೊಂಡಳೋ, ಗ್ರಂಥ ಹೇಳುವುದಿಲ್ಲ. ಮಗಳ ತಂದೆ ಮಾತ್ರ ಸುಮ್ಮನಿರಲಿಲ್ಲ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀಯ, ನಿನ್ನ ಜನರೂ ಬಳಲುತ್ತಾರೆ ಎಂದ.

ಈ ಎರಡನೆಯ ಮಾತನ್ನು ನಾವು ಗಮನಿಸುವುದೇ ಇಲ್ಲ. ಎಲ್ಲವನ್ನೂ ತಾನೇ ಮಾಡುವವನು ತ್ಯಾಗಿಯಂತೆ ಕಾಣುತ್ತಾನೆ, ಆದರೆ ಅವನ ಬಾಗಿಲಲ್ಲಿ ಕಾಯುವವರು ದಿನವಿಡೀ ನಿಂತಿರುತ್ತಾರೆ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನಂಬಿಗಸ್ತರನ್ನು ನೇಮಿಸು, ಅವರಿಗೆ ದಾರಿ ಕಲಿಸು, ಕಠಿಣವಾದದ್ದು ಮಾತ್ರ ನಿನ್ನಲ್ಲಿಗೆ ಬರಲಿ ಎಂಬುದು ಇತ್ರೋನನ ಸಲಹೆ. ಮೋಶೆ ಹಾಗೆಯೇ ಮಾಡಿದ. ದೇವರೊಡನೆ ಮಾತಾಡುತ್ತಿದ್ದವನು ಮಾವನ ಮಾತಿಗೂ ಕಿವಿಗೊಟ್ಟ. ನಮ್ಮ ಎಷ್ಟು ಸಂಘಗಳ ಅಧ್ಯಕ್ಷರು ಕಿವಿಗೊಟ್ಟಾರು?

ಯೇಸುಸ್ವಾಮಿಯವರೂ ಇದನ್ನೇ ಕಲಿಸಿದರು. ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ, ಇಬ್ಬಿಬ್ಬರಾಗಿ ಹೋಗಿದ್ದ ಪ್ರೇಷಿತರು ಹಿಂದಿರುಗಿ, ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಅವರಿಗೆ ವರದಿ ಮಾಡುತ್ತಾರೆ. ಬಂದು ಹೋಗುವವರ ನಡುವೆ ಅವರಿಗೆ ಊಟಕ್ಕೂ ಬಿಡುವಿರಲಿಲ್ಲ. ಸ್ವಾಮಿ ಅವರಿಗೆ ಮುಂದಿನ ಊರಿನ ಪಟ್ಟಿ ಕೊಡಲಿಲ್ಲ. ನಿರ್ಜನ ಸ್ಥಳಕ್ಕೆ ಹೋಗಿ ದಣಿವಾರಿಸಿಕೊಳ್ಳಲು ಕರೆದರು. ಜನ ಅಲ್ಲಿಗೂ ಬಂದುಬಿಟ್ಟರು, ನಿಜ. ಸ್ವಾಮಿ ಕನಿಕರಪಟ್ಟು ಬೋಧಿಸಿದರು, ಉಣಬಡಿಸಿದರು. ಆಮೇಲೆ ಶಿಷ್ಯರನ್ನು ದೋಣಿ ಹತ್ತಿಸಿ ಮುಂದೆ ಕಳುಹಿಸಿ, ಜನರನ್ನು ಬೀಳ್ಕೊಡುವ ಕೆಲಸವನ್ನು ತಾವೇ ಮಾಡಿ, ಪ್ರಾರ್ಥನೆಗಾಗಿ ಬೆಟ್ಟಕ್ಕೆ ಹೋದರು. 2021ರ ಜುಲೈ 4ರಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಜಗದ್ಗುರು ಫ್ರಾನ್ಸಿಸ್‌ರವರು ಅದೇ ತಿಂಗಳ 18ರ ಭಾನುವಾರ ಈ ಭಾಗವನ್ನೇ ವಿವರಿಸುತ್ತಾ, ಓಡಾಟ ನಿಲ್ಲಿಸಲು, ಮೊಬೈಲ್ ಆರಿಸಲು ಕಲಿಯಬೇಕೆಂದರು.

ವಿಶ್ರಾಂತಿ ಸೋಮಾರಿಗಳ ಮಾತೆಂದು ಭಾವಿಸುವವರು ಧರ್ಮಸಭೆಯ 1983ರ ಕಾನೂನು ಸಂಹಿತೆಯನ್ನು ನೋಡಬಹುದು. ಭಾನುವಾರ ದೇಹ ಮನಸ್ಸುಗಳಿಗೆ ತಕ್ಕ ವಿಶ್ರಾಂತಿ ಇರಬೇಕೆನ್ನುತ್ತದೆ ವಿಧಿ 1247. ಧರ್ಮಕೇಂದ್ರದ ಗುರುಗಳು ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಬಹುದೆನ್ನುತ್ತದೆ ವಿಧಿ 533. ವಾರ್ಷಿಕ ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರವು. ಆದ್ದರಿಂದ ಸ್ವಾಮಿಗಳು ರಜೆಯಲ್ಲಿದ್ದಾರೆಂದರೆ ಹುಬ್ಬೇರಿಸಬೇಡಿ.

ನಿಮ್ಮ ಧರ್ಮಕೇಂದ್ರದಲ್ಲಿ ಮುಂದಿನ ಹಬ್ಬ ಮುಗಿದಾಗ ಒಂದು ವಾರ ಯಾವ ಸಭೆಯನ್ನೂ ಕರೆಯಬೇಡಿ. ಬಳಿಕ ದುಡಿದವರೆಲ್ಲ ಒಮ್ಮೆ ಕೂಡಿ, ಖರ್ಚಿನ ಲೆಕ್ಕಕ್ಕೆ ಮುಂಚೆ ಯಾರಿಗೆ ಯಾವ ಕೆಲಸ ಭಾರವಾಯಿತೆಂದು ಹೇಳಿಕೊಳ್ಳಿ. ಕುರ್ಚಿ ಎತ್ತಿಟ್ಟವನೂ ಮಾತಾಡಲಿ. ಮುಂದಿನ ವರ್ಷದ ತೇರಿನ ಅಲಂಕಾರವನ್ನು ಯುವಜನರಿಗೆ ಪೂರ್ತಿ ವಹಿಸಿರಿ. ಹೂವಿನ ಬಣ್ಣ ನಿಮಗೆ ಹಿಡಿಸದಿದ್ದರೂ ಸರಿಯೇ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿ, ಎಲ್ಲರಿಗೂ ತಿಳಿಸಿದ್ದೇನೆ ಎನ್ನಬೇಡಿ. ವೇಳೆ ಬದಲಾದರೆ ಕೆಲಸ ಹೊತ್ತವನಿಗೆ ಬಾಯಿಮಾತಿನಲ್ಲೇ ಹೇಳಿ. ಸಭೆಯ ದಿನವನ್ನು ಒಪ್ಪಿಕೊಳ್ಳುವ ಮೊದಲು ಮನೆಯಲ್ಲಿ ಕೇಳಿ.

ಈ ಭಾನುವಾರ ಸಂಜೆಯ ಜಪಸರದ ನಂತರ ಇತ್ರೋನನ ಅಧ್ಯಾಯವನ್ನು ಮನೆಮಂದಿಯೆಲ್ಲ ಓದಿ. ಅಪ್ಪ ಅಮ್ಮ ದೇವಾಲಯದ ಕೆಲಸಕ್ಕೆಂದು ಹೋದ ಸಂಜೆಗಳಲ್ಲಿ ನಿಮಗೆ ಹೇಗನ್ನಿಸುತ್ತದೆ ಎಂದು ಮಕ್ಕಳನ್ನು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.