ಆಕ್ಸೊಲಾಟಲ್ ತೊಟ್ಟಿಗೆ ಎಂಥ ಮರಳು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಫ್ಲ್ಯಾಟಿನಲ್ಲಿ ಆಕ್ಸೊಲಾಟಲ್ ಸಾಕುವ ಯೋಚನೆ ಇದೆಯೇ? ಹಾಗಾದರೆ ಮೊದಲು ತೊಟ್ಟಿಯ ತಳದ ಕಡೆ ಗಮನ ಕೊಡಿ. ಮೆಕ್ಸಿಕೋದ ಸೊಚಿಮಿಲ್ಕೊ ಕೆರೆಯ ಈ ಜೀವಿ ಆಹಾರವನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ತಳದಲ್ಲಿ ಸಣ್ಣ ಕಲ್ಲುಗಳಿದ್ದರೆ ಅವೂ ಹೊಟ್ಟೆ ಸೇರಿ, ಕರುಳು ಕಟ್ಟಿ, ಪ್ರಾಣಕ್ಕೇ ಕುತ್ತು.

ಪಕ್ಕದ ಕಟ್ಟಡದಲ್ಲಿ ಮಿಕ್ಕ ಎಂ-ಸ್ಯಾಂಡ್ ಸುಲಭವಾಗಿ ಸಿಕ್ಕೀತು, ಬೇಡ. ಅದು ಬಂಡೆ ಪುಡಿ ಮಾಡಿದ್ದು, ಅಂಚು ಚೂಪು. ಆಕ್ಸೊಲಾಟಲ್‌ನ ಚರ್ಮವೋ ಬಲು ಮೃದು. ಚಿರೋಟಿ ರವೆಯಂತೆ ನುಣ್ಣಗಿರುವ, 1 ಮಿ.ಮೀ.ಗಿಂತ ಸಣ್ಣ, ಬಣ್ಣ ಹಾಕದ ಅಕ್ವೇರಿಯಂ ಮರಳು ತನ್ನಿ. ಬಕೆಟ್ಟಿಗೆ ಹಾಕಿ, ನೀರು ತಿಳಿಯಾಗುವವರೆಗೆ ತೊಳೆಯಿರಿ, ಸೋಪು ಸೋಕಿಸಬೇಡಿ. 2–3 ಸೆಂ.ಮೀ. ಹರಡಿದರೆ ಸಾಕು, ದಪ್ಪವಾದರೆ ಒಳಗೆ ಕೆಟ್ಟ ಗಾಳಿ ಕಟ್ಟುತ್ತದೆ. ಮರಿ 12–15 ಸೆಂ.ಮೀ. ಬೆಳೆಯುವವರೆಗೆ ಬರಿಯ ಗಾಜಿನ ತಳವೇ ಕ್ಷೇಮ.

ಹಿಕ್ಕೆ, ತಿಂದು ಬಿಟ್ಟ ಎರೆಹುಳು ಅಂದಂದೇ ತೆಗೆಯಿರಿ. ವಾರಕ್ಕೊಮ್ಮೆ ಮರಳನ್ನು ಬೆರಳಿನಿಂದ ಮೆಲ್ಲಗೆ ಕೆದಕಿ, ಪೈಪಿನಿಂದ ಕೊಳೆ ಎಳೆದು, ಐದರಲ್ಲಿ ಒಂದು ಪಾಲು ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಲಿ.

ನೀರು 16–18 ಡಿಗ್ರಿಯಷ್ಟು ತಂಪಿರಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಚಿಲ್ಲರ್ ಇಲ್ಲದೆ ಅದು ಆಗದ ಮಾತು. ಆ ಖರ್ಚು ಹೊರಲಾಗದಿದ್ದರೆ ದಯವಿಟ್ಟು ಈ ಜೀವಿಯನ್ನು ಮನೆಗೆ ತರಬೇಡಿ.